ಮಗ್ಗ ನಿಂತಿರೋ ಹೊತ್ತಲ್ಲಿ

ಮಾಮಾ,

ಏಳೂಕಾಲರ ಬಸ್ಸಿಗೆ ಕೊಯಮತ್ತೂರಿನ ಪ್ರೆಸ್ಸಿಗೆ ಹೋಗ್ತಿದ್ದೀನಿ. ನನ್ನ ಬ್ಲಾಗ್ ಬರಹಗಳ ಪುಸ್ತಕ ಇವತ್ತು ಅಚ್ಚಿಗೆ ಹೋಗುತ್ತೆ. ನಿಮಗೆ ಕನ್ನಡ ಅಕ್ಷರ ಬರಲ್ಲ ಅಂತ ಈ ಚೀಟೀನ ನಮ್ಮ ಮಾತಲ್ಲೇ, ತಮಿಳು ಅಕ್ಷರದಲ್ಲಿ ಬರೆದಿದ್ದೀನಿ.

ಮಧ್ಯಾಹ್ನದ ಅನ್ನಕ್ಕೆ ಹುರುಳಿ ಬೇಯಿಸಿ ಕಡೆದಿಟ್ಟಿದ್ದೀನಿ. ಟೀ ಅಂಗಡೀಲಿ ಬೋಂಡಾ ತಿಂದು ಹೊಟ್ಟೆ ತುಂಬ್ತು ಅನ್ಬೇಡಿ.

ಇವತ್ತು ತಿಂಗಳ ಶಟ್‌ಡೌನ್. ಒಂಬತ್ತಕ್ಕೆ ಹೋದ ಕರೆಂಟು ಐದಕ್ಕೇ ಬರೋದು, ಆರೂ ಮಗ್ಗ ನಿಂತಿರುತ್ತೆ. ಎಂಟು ವರ್ಷದಿಂದ ನಾನು ಬರೆದದ್ದನ್ನ ಓದಿ ಹೇಳಕ್ಕೆ ಬಂದಾಗೆಲ್ಲ, "ಮಗ್ಗದ ಸದ್ದಲ್ಲಿ ಒಂದೂ ಕೇಳ್ಸಲ್ಲ, ಅಪ್ಪುರಮಾ, ಆಮೇಲೆ ಹೇಳು" ಅಂದಿದ್ದೀರಿ. ಇವತ್ತು ಆ ನೆಪ ಇಲ್ಲ. ನಿಮ್ಮ ಫೋನಲ್ಲಿ ಮೂರು ಬರಹ ನಾನೇ ಓದಿ ರೆಕಾರ್ಡ್ ಮಾಡಿ ಹಾಕಿದ್ದೀನಿ, ಚಾರ್ಜೂ ತುಂಬಿದೆ. ಎರಡನೇದು ನಿಮ್ಮ ಬಗ್ಗೆ. ನಮ್ಮ ಮದುವೆ ಆದ ಹೊಸದರಲ್ಲಿ, ಕಡಿದ ಎಳೆಗೆ ಗಂಟು ಹಾಕೋದನ್ನ ನನ್ನ ಬೆರಳು ಹಿಡಿದು ಕಲಿಸಿದ್ರಲ್ಲ, ಆ ದಿನ. ಆವತ್ತು ನನಗೋಸ್ಕರ ಮಗ್ಗ ನಿಲ್ಲಿಸಿದ್ರಿ.

ಪುಸ್ತಕ ಯಾರಿಗೆ ಅರ್ಪಣೆ ಅಂತ ಪ್ರೆಸ್ಸಿನವರು ಕೇಳಿದ್ರು. ನಾಲ್ಕು ಗಂಟೆಯೊಳಗೆ ಆ ಎರಡನೇ ಬರಹ ಕೇಳಿ ಫೋನ್ ಮಾಡದಿದ್ರೆ ಆ ಪುಟ ಖಾಲಿ ಬಿಡಿಸ್ತೀನಿ.

ಇಲ್ಲ, ಸುಮ್ನೆ ಹೆದರಿಸ್ದೆ. ಗಂಡನ ಹೆಸರು ಹೇಳಬಾರದು ಅಂತ ಹದಿನಾರು ವರ್ಷದಲ್ಲಿ ಒಂದು ಸಲಾನೂ ನಿಮ್ಮ ಹೆಸರು ಬಾಯಿಗೆ ತಂದವಳಲ್ಲ. ಹೋದ ವಾರವೇ ಪ್ರೆಸ್ಸಲ್ಲಿ ಹೇಳಿಬಿಟ್ಟೆ. ಮೊದಲ ಸಲ ಅವರಿಗೆ ಕೇಳಿಸಲೇ ಇಲ್ಲ. ಎರಡನೇ ಸಲ ಜೋರಾಗಿ ಹೇಳಿದೆ.

ಆದ್ರೂ ಫೋನ್ ಮಾಡಿ.

ಕನಕವಲ್ಲಿ