ಅವ್ವನ ಫೋನಿನಲ್ಲಿದ್ದ ಹೊಲ

ಗಾದ್ರಮ್ಮ ಚಿಕ್ಕವ್ವನಿಗೆ,

ಉಬ್ರಾಣಿ ಲಕ್ಷ್ಮಮ್ಮನ ಮಗಳು ಅರ್ಪಿತಾ ಬರೆಯುತ್ತಿದ್ದೇನೆ. ಹೆಸರು ಕಂಡ ಕೂಡಲೇ ಕಾಗದ ಮಡಚಿ ಎಸೆಯಬೇಡ. ನೀನು ಅವ್ವನ ಫೋನ್ ಎತ್ತುತ್ತಿಲ್ಲ, ನನ್ನದನ್ನೂ ಎತ್ತುತ್ತಿಲ್ಲ, ಅದಕ್ಕೇ ಕಾಗದ. ಕಣ್ಣಿನ ಆಪರೇಷನ್ ಆದ ಮೇಲೆ ಸಣ್ಣ ಅಕ್ಷರ ಕಾಣುತ್ತದೋ ಇಲ್ಲವೋ, ಕಾಣದಿದ್ದರೆ ನಿನ್ನ ಮಗ ತಿಮ್ಮೇಶನ ಕೈಲಿ ಓದಿಸು. ಜೋರಾಗಿಯೇ ಓದಲಿ, ಓಣಿಗೆಲ್ಲ ಕೇಳಲಿ. ಇದೇ ಕಾಗದವನ್ನು ಈ ವಾರದ ಪತ್ರಿಕೆಯಲ್ಲಿ ನನ್ನ ಅಂಕಣದ ಜಾಗಕ್ಕೇ ಕೊಟ್ಟಿದ್ದೇನೆ. 'ಈ ವಿಡಿಯೋ ಗೇಮ್ ಕೊಳ್ಳಿ, ಆ ಗೇಮ್ ಮುಟ್ಟಬೇಡಿ' ಎಂದು ವಾರವಾರ ನಾನು ತೀರ್ಪು ಕೊಡುವ ಜಾಗ ಅದು. ಈ ವಾರ ಕಟಕಟೆಯಲ್ಲಿ ನಾನೇ ನಿಂತಿರುತ್ತೇನೆ.

ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ. ಅವ್ವ ಮುಯ್ಯಿ ಮುರಿದಿಲ್ಲ. ನಿನ್ನ ಹೊಲ ಒಣಗಿದ್ದು ನನ್ನಿಂದ.

ಅಂಕಣ ಓದುವ ಹುಡುಗರಿಗೆ ಮುಯ್ಯಿ ಎಂದರೆ ಮದುವೆ ಮನೆಯಲ್ಲಿ ಕೊಡುವ ಕವರು. ದುಡಿತಕ್ಕೆ ದುಡಿತ ತೀರಿಸುವ ನಿಮ್ಮಿಬ್ಬರ ಮುಯ್ಯಿ ಹುಟ್ಟಿದ್ದು ಚನ್ನಗಿರಿ ಸೀಮೆಯ ಅಡಿಕೆ ಸುಲಿಯುವ ಕಣದಲ್ಲಿ. ಸುಗ್ಗಿ ಬಂತೆಂದರೆ ಜಗಳೂರು ಕಡೆಯಿಂದ ನೀನು ಗಂಟು ಹೊತ್ತು ಬರುತ್ತಿದ್ದೆ. ಅವ್ವನ ಪಕ್ಕದಲ್ಲೇ ನಿನ್ನ ಕತ್ತಿ, ನಿನ್ನ ಮಣೆ. ಅವ್ವನಿಗೆ ಜ್ವರ ಬಂದು ಕೈ ಏಳದ ದಿನ ನೀನು ಸುಲಿದ ಕಾಯಿ ಅವಳ ಬುಟ್ಟಿಗೆ ಬೀಳುತ್ತಿತ್ತು. ನೀನು ಹೆಬ್ಬೆರಳು ಕೊಯ್ದುಕೊಂಡು ಬಟ್ಟೆ ಸುತ್ತಿ ಕೂತಾಗ ಅವ್ವ ಸುಲಿದದ್ದು ನಿನ್ನ ಬುಟ್ಟಿಗೆ. ಅಳೆಯಲು ಬಂದ ಮೇಸ್ತ್ರಿ ಇಬ್ಬರ ಮುಖ ನೋಡಿ, "ಜ್ವರ ಬಂದೋಳ ಬುಟ್ಟಿನೇ ಜಾಸ್ತಿ ತುಂಬೈತಲ್ಲ, ನಾಳೆಯಿಂದ ಎಲ್ರೂ ಜ್ವರ ತಗಂಡು ಬರ್ರಿ" ಎಂದಿದ್ದನಂತೆ. ಅವ್ವ ಈಗಲೂ ಅದನ್ನು ಹೇಳಿ ನಗುತ್ತಾಳೆ. ನೀನು ಫೋನ್ ಎತ್ತುವುದು ಬಿಡುವವರೆಗೆ ನಗುತ್ತಿದ್ದಳು.

ಆಮೇಲೆ ಸುಲಿಯುವ ಯಂತ್ರ ಬಂತು. ನೀನು ಬರುವುದು ನಿಂತಿತು. ನಾನು ನ್ಯಾಮತಿಯಲ್ಲಿ ಕಂಪ್ಯೂಟರ್ ಅಂಗಡಿ ಹಾಕಿ ಅವ್ವನನ್ನು ಕರೆತಂದೆ. ಇಲ್ಲಿ ಅವಳಿಗೆ ಅಂಗಡಿ ಮುಂದಿನ ಬಸ್ಸು ನೋಡುವುದು ಬಿಟ್ಟರೆ ಬೇರೆ ಕೆಲಸವಿರಲಿಲ್ಲ. ಆ ಹೊತ್ತಿಗೆ ಯಾರೋ ಅವಳ ಫೋನಿಗೆ ಆ ಹೊಲದ ಆಟ ಹಾಕಿಕೊಟ್ಟರು. ಉಬ್ರಾಣಿಯ ಅನ್ನಪೂರ್ಣಮ್ಮ ನಿನ್ನ ನಂಬರನ್ನೂ ಕೊಟ್ಟಳು. ಕಣದಲ್ಲಿ ಅಗಲಿದವರು ಫೋನಿನ ಹೊಲದಲ್ಲಿ ಬದು ಹಂಚಿಕೊಂಡು ಕೂತಿರಿ. ಯಾರ ಬೆಳೆಗಾದರೂ ಪಕ್ಕದವರು ನೀರು ಹಾಕಬಹುದು, ಹಾಕದಿದ್ದರೆ ಬೆಳೆ ಒಣಗುತ್ತದೆ. ಆಟ ಮಾಡಿದವರು ಅದಕ್ಕೆ ಏನು ಹೆಸರಿಟ್ಟಿದ್ದರೋ, ನೀವಿಬ್ಬರೂ ಮುಯ್ಯಿ ಎಂದಿರಿ. ಬೆಳಗ್ಗೆ ಎದ್ದು ಮುಖ ತೊಳೆಯುವ ಮೊದಲು ಅವ್ವ ನಿನ್ನ ಹೊಲಕ್ಕೆ ನೀರು ಹಾಕುತ್ತಿದ್ದಳು. ನೀನು ಫೋನಿನಲ್ಲಿ ಹೇಳುವುದು ಅಡುಗೆಮನೆಯವರೆಗೂ ಕೇಳುತ್ತಿತ್ತು: "ಮಳಿ ಇಲ್ಲ, ಗೊಬ್ಬರ ಇಲ್ಲ, ಬೆರಳಿಟ್ರೆ ಕುಂಬಳಕಾಯಿ! ಲಕ್ಕೀ, ಇಂಥಾ ಭೂಮಿ ನಮ್ ಜಗಳೂರಾಗೆ ಯಾಕ್ ಇಟ್ಟಿಲ್ವೇ ದೇವ್ರು?"

ನನ್ನ ಸಂಗತಿ ನಿನಗೆ ಗೊತ್ತು. ಹೊನ್ನಾಳಿಯಲ್ಲಿ ಓದುವಾಗಲೇ ತಮಟೆ ಹಿಡಿದು ಬೀದಿಗಿಳಿದವಳು ನಾನು. ಅದೇ ಸಂಜೆ ಗೆಳತಿಯ ಮನೆಯ ಕಂಪ್ಯೂಟರಿನಲ್ಲಿ ಕೋಟೆ ಕೆಡವುತ್ತಿದ್ದವಳೂ ನಾನೇ. ಸಂಗಾತಿಗಳು ಚುಚ್ಚುತ್ತಿದ್ದರು, "ಕ್ರಾಂತಿ ಮಾಡಾಕೆ ಬಂದೋಳು ಗುಂಡಿ ಒತ್ತಾಕೆ ಕುಂತಾಳೆ ನೋಡ್ರಿ." ಆಟದೊಳಗೂ ದಣಿ ಇದ್ದಾನೆ, ಆಳು ಇದ್ದಾನೆ, ಅದನ್ನು ಯಾರಾದರೂ ಬರೆಯಬೇಡವೇ ಎಂದು ಬರೆಯತೊಡಗಿದೆ. ಬಂದೂಕಿಗೆ ಬಣ್ಣದ ಅಂಗಿ ತೊಡಿಸಿ ಮಕ್ಕಳಿಗೆ ಮಾರುವ ಆಟಕ್ಕೆ, ಹತ್ತಿರ ಸೇರಿಸಬೇಡಿ ಎಂದು ಬರೆದೆ. ಒಡೆಯುವವರೆಗೆ ಒಳಗೇನಿದೆಯೋ ತಿಳಿಯದ ಪೆಟ್ಟಿಗೆ ಮಾರುವ ಆಟಕ್ಕೆ, ಇದು ಓಸಿ ಜೂಜಿನ ಚೀಟಿ, ಮುಖಕ್ಕೆ ಪೌಡರ್ ಹಚ್ಚಿಕೊಂಡಿದೆ ಅಷ್ಟೇ ಎಂದೆ. ಒಂದು ದೋಣಿಯಲ್ಲಿ ಒಬ್ಬಳೇ ಹೋಗಿ ದೀಪ ಹಚ್ಚಿ ಬರುವ ಪುಟ್ಟ ಆಟವೊಂದಿತ್ತು, ಒಮ್ಮೆ ಕೊಂಡರೆ ಮತ್ತೆ ಕೈ ಚಾಚುವುದಿಲ್ಲ, ತಾನಾಗಿ ಮುಗಿಯುತ್ತದೆ. ಮುಗಿಯುವ ಆಟ ಮರ್ಯಾದಸ್ಥ ಆಟ, ಕೊಳ್ಳಿ ಎಂದೆ. ಇಬ್ಬರು ಸೇರಿ ಮಂಚ ಹೊತ್ತು ಮೆಟ್ಟಿಲು ಹತ್ತಿಸುವ ಆಟ ಇನ್ನೊಂದು. ಗಂಡ ಹೆಂಡತಿ ಕೊಂಡು ಆಡಿ, ಯಾರು ಭಾರ ಹೊರುತ್ತಿದ್ದಾರೆ ಎಂದು ಗೊತ್ತಾಗುತ್ತದೆ ಎಂದು ಬರೆದದ್ದಕ್ಕೆ ಬಂದ ಬೈಗುಳ ಇನ್ನೂ ಮುಗಿದಿಲ್ಲ. ಈ ಮಾತುಗಳಲ್ಲಿ ಒಂದನ್ನೂ ನಾನು ವಾಪಸ್ ತೆಗೆದುಕೊಳ್ಳುವುದಿಲ್ಲ.

ನಿಮ್ಮ ಹೊಲದ ಆಟದ ಬಗ್ಗೆ ಬರೆದದ್ದನ್ನೂ ತೆಗೆದುಕೊಳ್ಳುವುದಿಲ್ಲ ಚಿಕ್ಕವ್ವ. ಅದು ಮೋಸದ ಆಟವೇ. ಪುಕ್ಕಟೆ ಎಂದು ಕರೆದು ಕೂರಿಸಿಕೊಳ್ಳುತ್ತದೆ, ಬೆಳೆ ಬೇಗ ಬರಬೇಕೆಂದರೆ ನಿಜವಾದ ದುಡ್ಡು ಕೊಟ್ಟು ಆಟದ ಹರಳು ಕೊಳ್ಳು ಎನ್ನುತ್ತದೆ, ಒಂದು ದಿನ ಬಾರದಿದ್ದರೆ ಒಣಗಿಸಿ ಹೆದರಿಸುತ್ತದೆ. ದಿನಾ ಬಂದು ಹಾಜರಿ ಕೊಡು ಎನ್ನುವುದು ಜೀತ. ಹೊನ್ನಾಳಿಯ ಯುವಜನ ಸಭೆಯಲ್ಲಿ ಮೈಕು ಹಿಡಿದು ಹೀಗೇ ಹೇಳಿದೆ. ಚಪ್ಪಾಳೆ ಬಿತ್ತು. ಕೊನೆಗೆ, "ಮೊದಲು ನಿಮ್ಮ ನಿಮ್ಮ ಮನೆಯ ಫೋನಿನಿಂದ ಇದನ್ನು ಕಿತ್ತು ಹಾಕಿ" ಎಂದು ಕರೆ ಕೊಟ್ಟೆ.

ಆ ಚಪ್ಪಾಳೆಯನ್ನು ಕಿವಿಯಲ್ಲಿಟ್ಟುಕೊಂಡೇ ಮನೆಗೆ ಬಂದೆ. ಅವ್ವ ಬಾಗಿಲಲ್ಲಿ ಕೂತು ಫೋನಿನಲ್ಲಿ ಆಟ ತೆರೆಯುತ್ತಿದ್ದಳು. ಕೈಯಿಂದ ಕಿತ್ತುಕೊಂಡೆ. "ಅವ್ವಾ, ನಾನು ಊರಿಗೆಲ್ಲ ಬ್ಯಾಡ ಅಂತ ಹೇಳಿ ಬಂದೀನಿ, ನನ್ ಮನೆಯಾಗೇ ಇದಾ?" ಎಂದೆ. ಅಳಿಸಿಬಿಟ್ಟೆ. ಅವಳು ಯಾವ ಖಾತೆಗೂ ಜೋಡಿಸದೆ ಹಾಗೇ ಆಡುತ್ತಿದ್ದಾಳೆ, ಅಳಿಸಿದರೆ ಬೆಳೆಸಿದ್ದೆಲ್ಲ ಹೋಗುತ್ತದೆ, ಮತ್ತೆ ಬರುವುದಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಇಂಥದ್ದನ್ನು ತಿಳಿಸಿ ಹೇಳುವುದೇ ನನ್ನ ಕೆಲಸ. ಅವಳಿಗೆ ತಿಳಿಸಲಿಲ್ಲ.

ಅವ್ವ ಒದರಾಡಲಿಲ್ಲ. ಖಾಲಿ ಫೋನನ್ನು ಸೆರಗಿನಲ್ಲಿ ಒರೆಸಿ, "ಇವತ್ತಿಂದು ನೀರು ಹಾಕಿರ್ಲಿಲ್ಲ ಕಣೆ" ಎಂದಳು. ನಾನು ನಕ್ಕೆ. ಚಿಕ್ಕವ್ವ, ನಕ್ಕೆ ನಾನು.

ಆ ವಾರ ನೀನು ದಾವಣಗೆರೆಯಲ್ಲಿ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದೆ ಎಂದು ನನಗೆ ಗೊತ್ತಿರಲಿಲ್ಲ. ಫೋನ್ ನೋಡಬಾರದು ಎಂದು ಡಾಕ್ಟರು ಹೇಳಿದ್ದಕ್ಕೆ ನಿನ್ನ ಹೊಲವನ್ನು ಅವ್ವನ ಕೈಗೆ ಒಪ್ಪಿಸಿ ಹೋಗಿದ್ದೆ ಎಂದೂ ಗೊತ್ತಿರಲಿಲ್ಲ. ಕೇಳಿದ್ದರೆ ಹೇಳುತ್ತಿದ್ದಳು. ಕೇಳುವ ಅಭ್ಯಾಸವೇ ನನಗಿಲ್ಲ. ಮೈಕಿನ ಮುಂದೆ ನಿಂತು ನಿಂತು ಎದುರಿನವರೆಲ್ಲ ನನ್ನ ಮಾತು ಕೇಳಲಿಕ್ಕೇ ಹುಟ್ಟಿದವರು ಎಂದುಕೊಂಡಿದ್ದೇನೆ.

ನಿಜ ತಿಳಿದದ್ದು ಮೊನ್ನೆ ಸವಳಂಗದಲ್ಲಿ. ನೆಂಟರ ಮದುವೆ ಮುಗಿಸಿ ಬಸ್ಸಿಗೆ ಕಾಯುತ್ತಿದ್ದೆವು. ಅವ್ವ ಕಂಬದ ಹಿಂದೆ ಸರಿದು ಫೋನನ್ನು ಕಿವಿಗೊತ್ತಿಕೊಂಡಳು. ಅವಳ ಫೋನಿನ ಸದ್ದು ಯಾವಾಗಲೂ ಪೂರ್ತಿ. ನೀನು ಯಾವತ್ತೋ ರೆಕಾರ್ಡ್ ಮಾಡಿ ಕಳಿಸಿದ ಮಾತು, ಅವಳು ಎಷ್ಟನೇ ಸಲ ಕೇಳುತ್ತಿದ್ದಳೋ. ನಿನ್ನ ದನಿ ಬಸ್ ಸ್ಟ್ಯಾಂಡಿಗೆಲ್ಲ ಕೇಳಿತು: "ಲಕ್ಕೀ, ಕಪ್ಪು ಕನ್ನಡಕ ತೆಗೆದು ಮೊದ್ಲು ನೋಡಿದ್ದು ನನ್ ಹೊಲನೇ ಕಣೆ. ಎಲ್ಲಾ ಸುಟ್ಟು ಕರಕಲಾಗೈತೆ. ಪಕ್ಕದಾಗೆ ನಿನ್ ಮನೆನೂ ಇಲ್ಲ. ಆಗಲ್ಲ ಅಂದಿದ್ರೆ ಬ್ಯಾರೆಯೋರಿಗೆ ಹೇಳಿರ್ತಿದ್ದೆ. ಮುಯ್ಯಿ ತಿಂದು ಓಡೋ ಬುದ್ಧಿ ನಿನಗೆ ಯಾವಾಗ ಬಂತೇ?"

ನಾನು ಓಡಿ ಹೋಗಿ, "ನಾನು ಮಾಡಿದ್ದು ಅಂತ ಯಾಕ್ ಹೇಳಿಲ್ಲ ಅವ್ವಾ?" ಎಂದೆ. ಅವಳು ಬಸ್ಸು ಬರುವ ದಿಕ್ಕನ್ನೇ ನೋಡುತ್ತಿದ್ದಳು. "ಏನಂತ ಹೇಳ್ಲಿ? ಊರೂರು ತಿರುಗಿ ನ್ಯಾಯ ಹೇಳೋ ನನ್ ಮಗಳು, ಅವ್ವನ್ನ ಒಂದ್ ಮಾತು ಕೇಳ್ದೆ ಕಿತ್ತು ಹಾಕಿದ್ಲು ಅಂತ ಹೇಳ್ಲಾ? ಗಾದ್ರಿ ನಿನ್ನ ಬಗ್ಗೆ ಏನ್ ಅಂದ್ಕಂತಾಳೆ? ನನ್ನ ಅಂದ್ರೆ ಅನ್ಲಿ ಬಿಡು. ಅಡಿಕೆ ಸುಲಿಯೋಳ ಮರ್ಯಾದೆ ಹೋದ್ರೆ ಪೇಪರ್‌ನಾಗೆ ಬರಲ್ಲ."

ಲಾಠಿ ಏಟು ತಿಂದಿದ್ದೇನೆ ಚಿಕ್ಕವ್ವ. ಈ ಏಟಿನ ಮುಂದೆ ಅದು ಸಣ್ಣದು. ಬಡವರ ಬದುಕಿನ ಬಗ್ಗೆ ಬಡವರನ್ನು ಕೇಳದೆ ತೀರ್ಮಾನ ಮಾಡುವವರ ವಿರುದ್ಧ ಗಂಟಲು ಹರಿಯುವಂತೆ ಕೂಗಿದವಳು ನಾನು. ಮನೆಯಲ್ಲಿ ಅದೇ ದರ್ಬಾರು ಮಾಡಿದೆ. ಯಂತ್ರ ಬಂದು ನಿಮ್ಮನ್ನು ಅಗಲಿಸಿದಾಗ ಯಂತ್ರದವನಿಗೆ ಧಿಕ್ಕಾರ ಕೂಗಿದ್ದೆ. ಎರಡನೇ ಸಲ ಅಗಲಿಸಿದವಳು ನಾನು, ನನಗೆ ಧಿಕ್ಕಾರ ಕೂಗಲು ಯಾರೂ ಇರಲಿಲ್ಲ. ಇದ್ದ ಒಬ್ಬಳು ಬಾಯಿ ಮುಚ್ಚಿಕೊಂಡು ನನ್ನ ಮರ್ಯಾದೆ ಕಾದಳು.

ಆಟವನ್ನು ಮತ್ತೆ ಅವಳ ಫೋನಿಗೆ ಹಾಕಿಕೊಟ್ಟೆ. ಅವಳು ತೆರೆಯಲಿಲ್ಲ. "ಮುಯ್ಯಿ ತಪ್ಪಿದ ಮನೆಯೋರು ಮೊದ್ಲು ನಷ್ಟ ಆದೋರ ಹೊಲಕ್ಕೆ ಇಳಿದು ದುಡೀಬೇಕು. ಆಮೇಲೆ ಅವರು ಕರೀಬೇಕು. ಕರೀದೆ ಹೋಗಿ ಬದುವಿನ ಮ್ಯಾಲೆ ನಿಂತ್ಕಂಡ್ರೆ ನಾಚಿಕೆಗೇಡು" ಎಂದಳು. ತಪ್ಪಿದ ಮನೆಯವಳು ನಾನು. ದುಡಿಯಬೇಕಾದವಳೂ ನಾನೇ.

ನಿನ್ನ ಫೋನಿನಲ್ಲಿ ಆ ಆಟ ತೆರೆದು ನೋಡು. 'ಲಕ್ಷ್ಮಮ್ಮನ ಮಗಳು' ಎಂಬ ಹೆಸರಿನವಳು ನಿನ್ನ ಪಕ್ಕದ ಜಾಗ ಕೇಳಿಕೊಂಡು ನಿಂತಿದ್ದಾಳೆ. ಮುಟ್ಟಬೇಡಿ ಎಂದು ಊರಿಗೆಲ್ಲ ಸಾರಿದ ಆಟಕ್ಕೆ ಅವಳೇ ಹೊಸದಾಗಿ ಸೇರಿಕೊಂಡಿದ್ದಾಳೆ, ಓದುಗರು ನಗಲಿ. ಈ ಆಟ ಮುಟ್ಟಬಾರದ್ದೇ, ಅದರ ಹರಳಿಗೆ ಒಂದು ಪೈಸೆ ಕೊಡಬೇಡಿ ಎಂದು ಇಲ್ಲೂ ಬರೆಯುತ್ತೇನೆ. ಆದರೆ ನಿನ್ನ ಕರಕಲು ಕಿತ್ತು, ಉತ್ತು, ಕುಂಬಳ ಹಾಕಿ, ಅದು ಹಣ್ಣಾಗುವವರೆಗೆ ಮುಖ ತೊಳೆಯುವ ಮೊದಲು ನೀರು ಹಾಕುತ್ತೇನೆ. ಒಳಗೆ ಬಿಟ್ಟುಕೊಳ್ಳುವುದು ಬಿಡುವುದು ನಿನ್ನ ಬೆರಳಿಗೆ ಸೇರಿದ್ದು. ಬೇಡವೆಂದರೆ ಹೊರಗೇ ನಿಂತಿರುತ್ತೇನೆ, ಜಗಳೂರಿಗೇ ಬಂದು ಬೈಸಿಕೊಳ್ಳುತ್ತೇನೆ.

ಒಂದೇ ಒಂದು ಕೇಳಿಕೊಳ್ಳುತ್ತೇನೆ. ನನ್ನನ್ನು ಕ್ಷಮಿಸುವ ಮೊದಲೇ ಅವ್ವನನ್ನು ಕರೆ. ಈ ಕಾಗದ ಬರೆಯುತ್ತಿದ್ದಾಗ ಪಕ್ಕದಲ್ಲಿ ಬಂದು ನಿಂತಳು. ಆಟದ ಸುದ್ದಿ ಎತ್ತಲಿಲ್ಲ, ಮುಯ್ಯಿಯ ಸುದ್ದಿಯನ್ನೂ ಎತ್ತಲಿಲ್ಲ. "ಗಾದ್ರಿಗೆ ಬರೀತೀಯ? ಕಣ್ಣು ಹೆಂಗೈತೆ ಅಂತ ಕೇಳು. ಎರಡೂ ಕಣ್ಣಾಗೆ ಕಾಣ್ತೈತಾ ಅಂತ ಕೇಳು" ಎಂದಳು. ಕೇಳಿದ್ದೇನೆ. ಉತ್ತರವನ್ನು ನನಗೆ ಬರೆಯಬೇಡ. ಅವಳಿಗೆ ಫೋನ್ ಮಾಡಿ ಹೇಳು.

ನಿನ್ನ ಎರಡೂ ಕಣ್ಣು ತಿಳಿನೀರಿನ ಹಾಗೆ ಇರಲಿ ಚಿಕ್ಕವ್ವ, ಒಲೆಯ ಹೊಗೆಯೂ ಅವಕ್ಕೆ ತಾಗದಿರಲಿ.

ನಿನ್ನ ಬದುವಿನಾಚೆ ಬಿಂದಿಗೆ ಹಿಡಿದು ನಿಂತಿರುವ,
ಅರ್ಪಿತಾ
ನ್ಯಾಮತಿ