ಕಾರಣ: ಮಳೆ

ಶಹಾಬಾದ
ಜುಲೈ ೨೦೦೪

ಗುರುರಾಜ ಸಾಹೇಬರಿಗೆ ಸಲಾಂ,

ನಿಮ್ಮ ಕಂಪನಿಗೆ ನೆಲಕ್ಕ ಹಾಸೋ ಫರಸಿ ಕಲ್ಲು ಕಳಸ್ತಿದ್ದ ನಮ್ಮಣ್ಣ ಜಹಾಂಗೀರ ತೀರಿಕೊಂಡಿದ್ದು ನಿಮಗ ಗೊತ್ತದ. ಕಬರಸ್ತಾನಕ್ಕ ಬಂದು, ನಮ್ಮ ಮಂದಿ ಜೋಡಿ ನೀವೂ ಮೂರು ಹಿಡಿ ಮಣ್ಣು ಕೊಟ್ಟಿರಿ.

ಆದ್ರ ನಿಮ್ಮ ಕಂಪ್ಯೂಟರ್ ಅವನಿಗೆ ಇನ್ನೂ ಇಮೇಲ್ ಕಳಸ್ಲಿಕತ್ತದ: ‘ಮಾಲು ತಡವಾಗಿದೆ, ಕಾರಣ ತಿಳಿಸಿ.’ ಸೈಬರ್‌ನಾಗ ಕುಂತು ನೋಡಿದೆ. ಅದರಾಗ ಆರಿಸಿ ಒತ್ಲಿಕ್ಕೆ ಇರೋ ಕಾರಣ ಮೂರೇ: ಲಾರಿ, ಮಳಿ, ಮುಷ್ಕರ. ಸಾವು ಇಲ್ಲ. ನಿಮಗ ಫೋನ್ ಮಾಡಿದ್ರ, ‘ಈಗ ಎಲ್ಲಾ ಆನ್‌ಲೈನ್, ನನ್ನ ಕೈಯಾಗ ಏನೂ ಇಲ್ಲ’ ಅಂದ್ರಿ. ಮಳಿ ಅಂತ ಒತ್ತಿ ಬಂದೆ. ಕಂಪ್ಯೂಟರ್ ಅಣ್ಣಗ ಇನ್ನೊಂದು ವಾರ ಟೈಮ್ ಕೊಟ್ಟದ.

ಸಾಹೇಬ್ರ, ಮಣ್ಣು ಕೊಟ್ಟ ಕೈಲೇ ಅವನ ಹೆಸರೂ ತೆಗೀರಿ. ಇಲ್ಲಾಂದ್ರ ಮುಂದಿನ ವಾರ ಮುಷ್ಕರ ಅಂತ ಒತ್ತತೀನಿ.

ಜಹಾಂಗೀರನ ತಮ್ಮ,
ಮುಕ್ರಮ