ಕರೆದವರನ್ನು ಬೈಯುವುದಿಲ್ಲ

೧೪ನೇ ತಾರೀಖು, ಭಾನುವಾರ
ಹಾಸ್ಟೆಲ್

ಪ್ರೀತಿಯ ಅಕ್ಕ,

ಬೈಯುವುದನ್ನೆಲ್ಲ ಮೊದಲೇ ಬೈದು ಮುಗಿಸು, ಆಮೇಲೆ ಓದು. ನಿನ್ನ ಮೂರು ಕಾಗದಗಳಿಗೂ ಸೇರಿಸಿ ಇದೊಂದೇ ಉತ್ತರ. ಫೋನಿನಲ್ಲಿ ಚೆನ್ನಾಗಿದ್ದೀನಿ, ಊಟ ಆಯ್ತು ಎಂದು ಹೇಳಿ ಇಟ್ಟುಬಿಡುತ್ತಿದ್ದೆನಲ್ಲ, ಅದರಲ್ಲಿ ಊಟದ ಮಾತೊಂದೇ ನಿಜ. ಅದೂ ಎಲ್ಲ ದಿನ ಅಲ್ಲ. ಅಮ್ಮನ ಮಂಡಿನೋವು ಹೇಗಿದೆ? ಡಾಕ್ಟರ್ ಮಗಳು ಬರೆದುಕೊಟ್ಟ ಮಾತ್ರೆ ಡಬ್ಬಿಯಲ್ಲೇ ಇದೆ, ಪಕ್ಕದ ಮನೆಯವರು ಕೊಟ್ಟ ಎಣ್ಣೆ ಮಾತ್ರ ಖಾಲಿಯಾಗುತ್ತಿದೆ ಎಂದು ನೀನು ಬರೆದಿದ್ದೆ. ಹಿತ್ತಲ ಗಿಡ ಮದ್ದಲ್ಲ ಎಂದು ಸುಮ್ಮನೆ ಹೇಳುತ್ತಾರೆಯೇ? ಹಚ್ಚಿಕೊಳ್ಳಲಿ ಬಿಡು.

ನೀನು ಹೊಲಿದುಕೊಟ್ಟ ಬಿಳಿ ಕೋಟಿನ ಜೇಬಿನಲ್ಲಿ ಒಂದು ಸಂಸಾರವೇ ಹಿಡಿಸುತ್ತದೆ. ಜೊತೆಯವರಿಗೆ ಪೆನ್ನು, ಹತ್ತಿ, ಬಿಸ್ಕತ್ತು ಏನು ಬೇಕಾದರೂ ನನ್ನ ಜೇಬಿಗೇ ಕೈ. ಈಗ ನನ್ನ ಹೆಸರು ಕಿರಾಣಿ ಅಂಗಡಿ.

ವಿಷಯಕ್ಕೆ ಬರುತ್ತೇನೆ. ಹೋದ ವಾರ ನಾನು ಈ ಕೆಲಸ ಬಿಟ್ಟು ನಿನ್ನ ಟೈಲರಿಂಗ್ ಅಂಗಡಿಗೆ ಗುಂಡಿ ಹೊಲಿಯಲು ಬಂದುಬಿಡುವುದರಲ್ಲಿದ್ದೆ. ಬರಲಿಲ್ಲ. ಒಬ್ಬರ ಜೀವವೂ ಉಳಿಯಿತು, ನನ್ನ ಕೆಲಸವೂ ಉಳಿಯಿತು. ಕೊನೆಯನ್ನು ಮೊದಲೇ ಹೇಳಿಬಿಟ್ಟಿದ್ದೇನೆ, ಏಕೆಂದರೆ ನೀನು ಎದೆ ಹಿಡಿದುಕೊಂಡು ಓದುವುದು ನನಗೆ ಬೇಡ.

ಇಲ್ಲಿ ಹೊಸ ಡಾಕ್ಟರುಗಳನ್ನು ಬಂದ ದಿನವೇ ನೀರಿಗೆ ತಳ್ಳುವುದಿಲ್ಲ. ಕೆಲವು ವಾರ ಹಿರಿಯರ ಹಿಂದೆ ಬಾಲದ ಹಾಗೆ ಓಡಾಡಬೇಕು, ಆಮೇಲೆ ವಾರ್ಡು ನಮ್ಮ ಕೈಗೆ ಬರುತ್ತದೆ. ನಮ್ಮನ್ನು ನೋಡಿಕೊಳ್ಳುವ ಹಿರಿಯ ಡಾಕ್ಟರಿಗೆ ನಾವು ಇಟ್ಟಿರುವ ಹೆಸರು ದೊಡ್ಡತ್ತೆ. ಅವರ ಚಪ್ಪಲಿ ಸದ್ದು ಮೆಟ್ಟಿಲ ಮೇಲೆ ಕೇಳಿದರೆ ಸಾಕು, ಕೂತವರು ಎದ್ದು ನಿಲ್ಲುತ್ತೇವೆ. ಮೊದಲ ದಿನ ಅವರು ಹೇಳಿದ್ದು ಇಷ್ಟೇ: "ಅನುಮಾನ ಬಂದ್ರೆ ನನ್ನನ್ನ ಕರೀರಿ. ಕರೆದವರನ್ನ ನಾನು ಬೈಯಲ್ಲ. ಕರೀದೆ ಇದ್ದವರನ್ನ ಬಿಡಲ್ಲ." ನಾನು ನಂಬಲಿಲ್ಲ. ನೆಂಟರ ಮನೆಯಲ್ಲಿ ಸಂಕೋಚ ಮಾಡ್ಕೋಬೇಡಿ ಅನ್ನುತ್ತಾರಲ್ಲ, ಆ ಜಾತಿಯ ಮಾತು ಅಂದುಕೊಂಡೆ.

ಸೋಮವಾರ ನನ್ನನ್ನು ಗಂಡಸರ ವಾರ್ಡಿಗೆ ಹಾಕಿದರು. ಯಾರ ಮುಖವೂ ಪರಿಚಯವಿಲ್ಲ. ಬೆಳಿಗ್ಗೆ ಒಬ್ಬ ನಿವೃತ್ತ ಮೇಷ್ಟ್ರ ರಕ್ತ ಪರೀಕ್ಷೆಗೆ ತೆಗೆಯಬೇಕಿತ್ತು. ಮಂಚದ ನಂಬರ್ ನೋಡಿದೆ, ಹೋದೆ, "ಮೇಷ್ಟ್ರು ತಾನೇ?" ಎಂದೆ. ಮಲಗಿದ್ದವರು ಹೂಂ ಎಂದು ತಲೆಯಾಡಿಸಿದರು. ತೆಗೆದೆ, ಶೀಶೆಗೆ ಮೇಷ್ಟ್ರ ಹೆಸರು ಅಂಟಿಸಿ ಕಳಿಸಿದೆ. ಕೈಗೆ ಕಟ್ಟಿದ ಹೆಸರಿನ ಪಟ್ಟಿ ಓದಬೇಕೆಂಬುದು ಪಾಠ. ಆ ಕೈ ಹೊದಿಕೆಯೊಳಗಿತ್ತು, ನಾನು ಈಚೆಯ ಕೈಗೇ ಸೂಜಿ ಹಾಕಿದ್ದೆ.

ನಡೆದದ್ದೇನೆಂದರೆ, ಪೇಪರ್ ಓದಲು ಬೆಳಕು ಬೇಕೆಂದು ಮೇಷ್ಟ್ರು ಕಿಟಕಿ ಪಕ್ಕದವರ ಜೊತೆ ಮಂಚ ಬದಲಾಯಿಸಿಕೊಂಡಿದ್ದರು. ನಾನು ರಕ್ತ ತೆಗೆದದ್ದು ಮೇಷ್ಟ್ರ ಮಂಚಕ್ಕೆ ಬಂದಿದ್ದ, ಹಿಂದೆ ಲಾರಿ ಓಡಿಸುತ್ತಿದ್ದ ತಾತನದು. ಅವರಿಗೆ ಕಿಡ್ನಿ ತೊಂದರೆ, ಮೇಲೆ ಕಿವಿಯೂ ಮಂದ.

ಗಂಟೆಯೊಳಗೆ ಲ್ಯಾಬಿನಿಂದ ಫೋನ್ ಬಂತು. ಮೇಷ್ಟ್ರ ರಕ್ತದಲ್ಲಿ ಪೊಟ್ಯಾಸಿಯಂ ವಿಪರೀತ ಏರಿದೆ, ತಕ್ಷಣ ನೋಡಿ ಎಂದರು. ಅದು ಏರಿದರೆ ಹೃದಯ ಯಾವಾಗ ಬೇಕಾದರೂ ನಿಲ್ಲಬಹುದು. ಇಳಿಸುವ ಔಷಧಿ ಸಿದ್ಧಮಾಡಲು ನಾನು ಹೇಳಿದೆ, ಸಿಸ್ಟರ್ ಅದನ್ನು ಹಿಡಿದುಕೊಂಡು ಕಿಟಕಿಯ ಕಡೆಗೆ ಹೋಗಿ, ಮೇಷ್ಟ್ರೇ ಕೈ ಕೊಡಿ ಎಂದರು. ಪೇಪರಿನ ಹಿಂದಿನಿಂದ ಇಳಿದ ಮುಖ ನಾನು ಅದುವರೆಗೂ ನೋಡಿಯೇ ಇರದ ಮುಖ. ನಾನು ರಕ್ತ ತೆಗೆದದ್ದು ಇವರದಲ್ಲ, ಅಕ್ಕ. ಒಬ್ಬರ ಅಳತೆಯನ್ನು ಇನ್ನೊಬ್ಬರ ಬಟ್ಟೆಗೆ ಹಾಕಿದರೆ ನೀನು ಹೊಲಿಗೆ ಬಿಚ್ಚಬಹುದು. ಬೇಡದವರಿಗೆ ಈ ಔಷಧಿ ಹೋದರೆ ಬಿಚ್ಚುವುದಕ್ಕೆ ಏನೂ ಉಳಿಯುವುದಿಲ್ಲ.

ಸಿಸ್ಟರ್‌ಗೆ ನಿಲ್ಲಿ ಎಂದೆ. ಊರಿಗೆಲ್ಲ ಬಾಯಿಬಡುಕಿ ನಾನು, ಯಾಕೆ ಎಂದು ಕೇಳಿದರೆ ಹೆಸರು ನೋಡಬೇಕು ಎಂದಷ್ಟೇ ಹೇಳಿದೆ. ಸದ್ದಿಲ್ಲದೆ ಇಬ್ಬರ ರಕ್ತವನ್ನೂ ಮತ್ತೆ ತೆಗೆದು ಕಳಿಸಿಬಿಡಲೇ, ಯಾರಿಗೆ ಗೊತ್ತಾಗುತ್ತದೆ ಅನ್ನಿಸಿತು. ಅನ್ನಿಸಿದ್ದು ನಿಜ, ನಿನ್ನ ಹತ್ತಿರ ಮುಚ್ಚಿಡುವುದೇನು? ಆದರೆ ಆ ಕಡೆ ತಾತ ಕಣ್ಣು ಮುಚ್ಚಿ ಸುಸ್ತಾಗಿ ಮಲಗಿದ್ದರು, ತಂದಿಟ್ಟ ಚಹಾ ಹಾಗೇ ಆರಿತ್ತು. ಇನ್ನೊಂದು ಗಂಟೆ ಕಾಯಲು ಅವರ ಹೃದಯಕ್ಕೆ ಪುರಸೊತ್ತು ಇದೆಯೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಆದದ್ದಾಗಲಿ ಎಂದು ದೊಡ್ಡತ್ತೆಗೆ ಫೋನ್ ಮಾಡಿ, "ಮೇಡಂ, ತಪ್ಪು ಮಾಡಿಬಿಟ್ಟೆ" ಎಂದೆ. ಯಾವ ಪೇಷಂಟು, ಈಗ ಹೇಗಿದ್ದಾರೆ ಎಂದಷ್ಟೇ ಕೇಳಿದರು. ಅಷ್ಟರಲ್ಲೇ ಮೆಟ್ಟಿಲ ಮೇಲೆ ಚಪ್ಪಲಿ ಸದ್ದು.

ಬಂದವರೇ ತಾತನ ಎದೆಗೆ ವೈರು ಹಚ್ಚಿಸಿ ಹೃದಯದ ಬಡಿತ ನೋಡಿದರು. ಅದು ಆಗಲೇ ದಾರಿ ತಪ್ಪಲು ಶುರುಮಾಡಿತ್ತು. ಔಷಧಿಯನ್ನು ನನ್ನ ಕೈಯಿಂದಲೇ ಕೊಡಿಸಿದರು. ಪಕ್ಕದಲ್ಲೇ ನಿಂತು ನಿಧಾನ, ನಿಧಾನ ಎನ್ನುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಬಡಿತ ಹದಕ್ಕೆ ಬಂತು. ತಾತ ಎದ್ದು ಕೂತು, ಈ ಆರಿದ ಚಹಾ ಯಾವ ಮನುಷ್ಯರು ಕುಡೀತಾರೆ ಎಂದು ಜಗಳ ತೆಗೆದರು. ಅಷ್ಟು ಇಂಪಾದ ಜಗಳ ನಾನು ಕೇಳಿಯೇ ಇಲ್ಲ.

ಮುಗಿಯಿತು ಅಂದುಕೊಂಡೆ, ಮುಗಿದಿರಲಿಲ್ಲ. ನಡೆದದ್ದನ್ನು ಇಬ್ಬರಿಗೂ ಹೇಳಬೇಕು ಎಂದರು ಮೇಡಂ. "ನೀನೇ ಹೇಳು. ನಾನು ಪಕ್ಕದಲ್ಲಿ ನಿಂತಿರ್ತೀನಿ." ಮೇಷ್ಟ್ರು ಕೇಳಿ, ಮಂಚ ಬದಲಾಯಿಸಿದ್ದು ತನ್ನದೂ ತಪ್ಪೇ ಎಂದರು, ನಿಮ್ಮದಲ್ಲ ಎಂದು ಮೇಡಂ ಸ್ಪಷ್ಟವಾಗಿ ಹೇಳಿದರು. ತಾತನಿಗೆ ಕೇಳಿಸಬೇಕಲ್ಲ? ನಾನು ತಪ್ಪೊಪ್ಪಿಕೊಳ್ಳಲು ಗಂಟಲು ಹರಿಯುವಷ್ಟು ಕೂಗಬೇಕಾಯಿತು. ವಾರ್ಡಿಗೆ ವಾರ್ಡೇ ತಿರುಗಿ ನೋಡಿತು, ಪಕ್ಕದ ವಾರ್ಡಿನವರೂ ಬಾಗಿಲಿಗೆ ಬಂದರು. ತಾತ ಪೂರ್ತಿ ಕೇಳಿಸಿಕೊಂಡು ನನ್ನ ಮುಖವನ್ನೇ ನೋಡಿದರು.

"ಬ್ರೇಕ್ ಹಾಕಿದ್ಯಲ್ಲಮ್ಮ, ಸಾಕು. ಇನ್ಮೇಲೆ ನೀವು ಇಂಥವರಾ ಅಂತ ಕೇಳ್ಬೇಡ, ಹೆಸರೇನು ಅಂತ ಕೇಳು. ಕಿವಿಗೆ ಬೀಳದೆ ಇದ್ರೆ ನಾನು ಎಲ್ಲದಕ್ಕೂ ಹೂಂ ಅಂತೀನಿ. ಮದುವೆಯಾದಾಗಿಂದ ರೂಢಿ."

ದೊಡ್ಡತ್ತೆ ನಕ್ಕಿದ್ದನ್ನು ನಾನು ಆವತ್ತು ಮೊದಲು ನೋಡಿದೆ.

ವಾರಕ್ಕೊಮ್ಮೆ ಹೊಸಬರೆಲ್ಲ ಒಂದು ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂರುತ್ತೇವೆ. ಅಲ್ಲಿ ಹೇಳಿದ್ದು ಹೊರಗೆ ಹೋಗುವುದಿಲ್ಲ. ಇಷ್ಟು ದಿನ ಎಲ್ಲರೂ ಬಿಸ್ಕತ್ತು ತಿಂದು ಎಲ್ಲ ಚೆನ್ನಾಗಿದೆ ಎಂದು ಎದ್ದು ಬರುತ್ತಿದ್ದೆವು. ಈ ಸಲ ನಾನು ಹೇಳಿದೆ. ಆಮೇಲೆ ನಮ್ಮಲ್ಲೇ ಬಲು ಜಾಣ ಅನ್ನಿಸಿಕೊಂಡವನು ಬಾಯಿಬಿಟ್ಟ, ಹೆಸರು ಮಾತ್ರ ಕೇಳಬೇಡ, ಅವನಿಗೆ ವಾರ್ಡಿಗೆ ಕಾಲಿಡುವ ಮುಂಚೆ ದಿನವೂ ವಾಂತಿಯಾಗುತ್ತದಂತೆ. ಒಬ್ಬೊಬ್ಬರದೂ ಹೊರಗೆ ಬಂತು. ನಾನೊಬ್ಬಳೇ ದಡ್ಡಿ ಅಂದುಕೊಂಡಿದ್ದೆ, ಎಲ್ಲರ ಮನೆ ದೋಸೆಯೂ ತೂತೇ. ಆ ದಿನ ಕೋಣೆಗೆ ಬಂದು ಮಲಗಿದವಳಿಗೆ ಕಣ್ತುಂಬ ನಿದ್ದೆ ಬಂತು. ಎಷ್ಟು ಹಗುರಾಗಿದ್ದೇನೆ ಎಂದು ಬರೆದು ತಿಳಿಸಲು ಆಗುವುದಿಲ್ಲ.

ಭಾವನಿಗೆ ನಮಸ್ಕಾರ ಹೇಳು, ಕಾಫಿ ಕಡಿಮೆ ಮಾಡಲು ಹೇಳು. ನಿನ್ನ ಪುಟ್ಟಿಯ ಎರಡೂ ಕೆನ್ನೆಗೆ ಮುತ್ತು, ನೂರು ವರ್ಷ ಬಾಳಲಿ, ಡಾಕ್ಟರ್ ಆಗುವ ಹಟ ಸದ್ಯಕ್ಕೆ ಬಿಡಲಿ. ಅಮ್ಮನ, ನಿನ್ನ ಇಬ್ಬರ ಕಾಲಿಗೂ ಬೀಳುತ್ತೇನೆ. ಮನಸ್ಸಿನಲ್ಲೇ ತಲೆ ಮೇಲೆ ಕೈ ಇಡಿ.

ನಿನ್ನ
ಬಾಯಿಬಡುಕಿ ತಂಗಿ

ತಾ.ಕ.: ಇದನ್ನು ಅಮ್ಮನಿಗೆ ಓದಿ ಹೇಳಬೇಡ. ಅಪ್ಪನ ಕೊನೆಯ ದಿನ ಆಸ್ಪತ್ರೆಯಲ್ಲಿ ಒಬ್ಬ ಹುಡುಗ ಡಾಕ್ಟರ್ ಇದ್ದನಲ್ಲ, ಮೀಸೆಯೂ ಸರಿಯಾಗಿ ಬಂದಿರಲಿಲ್ಲ. ಅಪ್ಪ ಉಸಿರಿಗೆ ಒದ್ದಾಡುತ್ತಿದ್ದರೆ ಅವನು ಕಾಲ ಬಳಿ ನಿಂತು ಜೇಬಿನಿಂದ ಫೋನ್ ತೆಗೆಯುತ್ತಿದ್ದ, ನೋಡುತ್ತಿದ್ದ, ಮತ್ತೆ ಜೇಬಿಗೆ ಹಾಕುತ್ತಿದ್ದ. ಇಲ್ಲಿ ಮನುಷ್ಯ ಸಾಯ್ತಿದ್ರೆ ಇವನಿಗೆ ಫೋನಿನ ಆಟ ಎಂದು ನೀನು ಕಿರುಚಿದ್ದೆ. ಅವನ ಕೈ ಸೇದಿಹೋಗಲಿ ಎಂದು ಇಷ್ಟು ವರ್ಷ ಇಬ್ಬರೂ ಶಾಪ ಹಾಕಿದ್ದೇವೆ. ಅಕ್ಕ, ಅವನು ಆಟ ಆಡುತ್ತಿರಲಿಲ್ಲ. ಹಿರಿಯರನ್ನು ಕರೆಯಲು ಹೆದರುತ್ತಿದ್ದ. ಕರೆದಿದ್ದರೆ ಅಪ್ಪ ಉಳಿಯುತ್ತಿದ್ದರೇನೋ ಎಂಬ ನೋವು ಈಗ ಮೊದಲಿಗಿಂತ ಹೆಚ್ಚಾಗಿದೆ, ಆದರೂ ಆ ಹುಡುಗನ ಮೇಲೆ ಸಿಟ್ಟು ತಂದುಕೊಳ್ಳಲು ಹೋದರೆ ಬರುತ್ತಿಲ್ಲ. ನಿನ್ನೆ ಅಪ್ಪನನ್ನು ನೆನೆದು ತುಂಬ ಅತ್ತೆ. ಯಾರನ್ನೂ ಬೈಯದೆ ಅವರಿಗಾಗಿ ಅತ್ತದ್ದು ಇದೇ ಮೊದಲು.